ಗ್ಯಾಂಗು ಹದಿನಾಲ್ಕರ ಠಸ್ಸೆ

ಸುಲೇಮಾಗೆ ಉಬ್ಬಸವಿದೆ ಎಂದು ಹೋದ ವರ್ಷ ಡಾಕ್ಟರು ನಾಲ್ಕು ಸಲ ಬರೆದುಕೊಟ್ಟರು. ನಾಲ್ಕು ಸಲವೂ ದುಡ್ಡು ತೆಗೆದುಕೊಂಡರು.

ಉಬ್ಬಸ ಒಂದೇ. ಹುಡುಗಿ ಒಬ್ಬಳೇ. ಆಸ್ಪತ್ರೆಯೂ ಒಂದೇ, ಮೂರು ಊರಿನಲ್ಲಿ ಮೂರು ಶಾಖೆ. ಬದಲಾಗುತ್ತಿದ್ದದ್ದು ಶಾಲೆ ಮಾತ್ರ. ಲೆಟ್ಯೂಸ್ ಕೋಸು ವರ್ಷವಿಡೀ ಒಂದೇ ಊರಲ್ಲಿ ಬೆಳೆಯುವುದಿಲ್ಲ. ಬೇಸಿಗೆಗೆ ಕ್ಯಾಲಿಫೋರ್ನಿಯಾದ ಸಲಿನಾಸ್. ನಡುವೆ ಕೆಲವು ವಾರ ಹ್ಯೂರಾನ್. ಚಳಿಗೆ ಅರಿಜೋನಾದ ಯೂಮಾ. ಮತ್ತೆ ಹ್ಯೂರಾನ್, ಮತ್ತೆ ಸಲಿನಾಸ್. ಕೋಸು ಹೋದ ಕಡೆ ನಾವು. ನಾವು ಹೋದ ಕಡೆ ನಮ್ಮ ಮಕ್ಕಳು. ಮಕ್ಕಳು ಹೋದ ಕಡೆ ಹೊಸ ಶಾಲೆ, ಹೊಸ ಫಾರಂ. ‘ಈ ಮಗು ತನ್ನ ಉಬ್ಬಸದ ಪಂಪನ್ನು ಶಾಲೆಯಲ್ಲಿ ಬಳಸಬಹುದು’ ಎಂದು ಡಾಕ್ಟರ ಒಪ್ಪಿಗೆ. ಸಲಿನಾಸಿನ ಒಪ್ಪಿಗೆ ಹ್ಯೂರಾನಿನಲ್ಲಿ ನಡೆಯುವುದಿಲ್ಲ. ಹ್ಯೂರಾನಿನದು ಯೂಮಾದಲ್ಲಿ ನಡೆಯುವುದಿಲ್ಲ. ಹುಡುಗಿಯ ಎದೆಗೂಡು ಮಾತ್ರ ಮೂರೂ ಊರಲ್ಲಿ ಒಂದೇ ಥರ ಸಿಳ್ಳೆ ಹೊಡೆಯುತ್ತಿತ್ತು.

ನಾನು ಕಾಂದೆಲಾರಿಯಾ. ಸುಲೇಮಾಳ ಜ್ಞಾನಸ್ನಾನದ ದಿನ ಅವಳನ್ನು ನೀರಿನ ಮೇಲೆ ಹಿಡಿದವಳು. ಹೆತ್ತವಳು ಎಲೋದಿಯಾ. ಅಂದಿನಿಂದ ನಾನೂ ಎಲೋದಿಯಾಳೂ ಒಬ್ಬರಿಗೊಬ್ಬರು ಕೊಮಾದ್ರೆ. ಅಕ್ಕತಂಗಿಯರಿಗಿಂತ ಒಂದು ಗಂಟು ಹೆಚ್ಚು. ತಾಯಿ ಕೈಗೆ ಎಟುಕದ ಕಡೆ ಈ ಮಗುವಿಗೆ ನಾನು ಹೊಣೆ ಎಂದು ಪಾದ್ರಿಯ ಮುಂದೆ ಹೇಳಿದ್ದೇನೆ. ಅವತ್ತು ಬಾಯಿಮಾತು ಸಾಕಾಗಿತ್ತು.

ನಾವು ಮೆಕ್ಸಿಕೋದವರು, ಓಹಾಕಾದ ಗುಡ್ಡದವರು. ನಮ್ಮ ಬಾಯಿಗೆ ಮೊದಲು ಗುಡ್ಡದ ಮಾತು, ಆಮೇಲೆ ಸ್ಪ್ಯಾನಿಷ್, ಅದೂ ಒರಟು. ಇಂಗ್ಲಿಷಿನಲ್ಲಿ ಎಲೋದಿಯಾಗೆ ಬರುತ್ತಿದ್ದದ್ದು ಒಂದೇ ಮಾತು. ಯೆಸ್. ಇನ್ನೂ ಬೇಗ ಕೊಯ್ಯುತ್ತೀಯಾ ಎಂದು ಮೇಸ್ತ್ರಿ ಕೇಳಿದರೆ ಯೆಸ್. ಅರ್ಧ ಗಂಟೆ ಕೂಲಿ ಮುರಿಯಲಾ ಎಂದರೆ ಯೆಸ್. ಟ್ರೈಲರ್ ಮನೆಯ ಬಾಡಿಗೆ ಏರಿಸಿದ್ದೇವೆ ಎಂದರೆ ಯೆಸ್. ಗಂಡನಿಲ್ಲದ ಸಂಸಾರವನ್ನು ಏಳು ವರ್ಷ ಆ ಒಂದು ಮಾತಿನ ಮೇಲೆ ನಡೆಸಿದ್ದಳು.

ಈ ನವೆಂಬರಿನಲ್ಲಿ ನಾವು ಯೂಮಾಕ್ಕೆ ಬಂದು ಇಳಿದೆವು. ಶಾಲೆಯವರು ಫಾರಂ ಕೊಟ್ಟರು. ನಾನೂ ಎಲೋದಿಯಾಳೂ ಸುಲೇಮಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಎದೆ ನೋಡಿದರು, ಬೆನ್ನು ನೋಡಿದರು, ಫಾರಂ ತುಂಬಿದರು. ಒಳ್ಳೆಯ ಅಕ್ಷರ. ನಗುತ್ತಾ ಕೈಗೆ ಕೊಟ್ಟರು. ಹೊರಗೆ ಕೌಂಟರಿನಲ್ಲಿ ಸ್ಪ್ಯಾನಿಷ್ ಬಲ್ಲ ಬ್ರೆಂಡಾ ಎಂಬ ಹೆಂಗಸು ಅದನ್ನು ನಮ್ಮ ಕೈಯಿಂದ ಕಿತ್ತುಕೊಂಡಳು.

“ಇದಕ್ಕೆ ಅರವತ್ತು ಡಾಲರ್.”

“ಡಾಕ್ಟರು ಆಗಲೇ ಬರೆದಾಯ್ತಲ್ಲ ತಾಯಿ?” ಎಂದೆ.

“ಬರೆದಿದ್ದಕ್ಕೆ ದುಡ್ಡಿಲ್ಲ. ಠಸ್ಸೆಗೆ ದುಡ್ಡು. ಹಾಳೆಗೆ ಮೂವತ್ತು. ಇದು ಎರಡು ಹಾಳೆ.”

ಎರಡನೇ ಹಾಳೆ ನೋಡಿದೆ. ಖಾಲಿ. ನಟ್ಟನಡುವೆ ಇಂಗ್ಲಿಷಿನಲ್ಲಿ ಒಂದೇ ಸಾಲು.

“ಇದರಲ್ಲಿ ಏನಂತ ಬರೆದಿದೆ?”

“ಈ ಹಾಳೆಯನ್ನು ಬೇಕೆಂದೇ ಖಾಲಿ ಬಿಡಲಾಗಿದೆ ಅಂತ.”

“ಖಾಲಿ ಹಾಳೆಗೂ ಮೂವತ್ತಾ?”

“ಖಾಲಿ ಇದೆ ಅಂತ ಡಾಕ್ಟರು ನೋಡಬೇಕಲ್ಲಮ್ಮ?”

“ನಮ್ಮ ಹತ್ರ ಸರ್ಕಾರದ ಕಾರ್ಡಿದೆ.”

“ಕಾರ್ಡು ಉಬ್ಬಸಕ್ಕೆ. ಕಾಗದಕ್ಕಲ್ಲ.”

“ಕೊಡೋ ಶಕ್ತಿ ಇಲ್ಲದವರಿಗೆ ಏನೂ ದಾರಿ ಇಲ್ವಾ?”

“ಅಯ್ಯೋ, ಇಲ್ಲದೆ ಏನು? ಮಾಫಿ ಫಾರಂ ಇದೆ.” ಬ್ರೆಂಡಾ ಸಂತೋಷದಿಂದ ಒಂದು ಹಳದಿ ಕಾಗದ ಎಳೆದಳು. “ಇದನ್ನ ತುಂಬಿ, ಇದರ ಮೇಲೆ ಡಾಕ್ಟರ ಠಸ್ಸೆ ಹಾಕಿಸಿದ್ರೆ ಆಯ್ತು.”

“ಆ ಠಸ್ಸೆಗೆ ಎಷ್ಟು?”

“ಮೂವತ್ತು. ಇದು ಒಂದೇ ಹಾಳೆ ನೋಡಿ. ನಿಮಗೇ ಲಾಭ.”

ಸುಲೇಮಾ ಕೆಮ್ಮಿದಳು. ಕೆಮ್ಮಿನ ಹಿಂದೆ ಸಿಳ್ಳೆ ಬಂತು. ಕೂತಿದ್ದವರೆಲ್ಲ ತಿರುಗಿ ನೋಡಿದರು.

“ಕೇಳಿಸ್ತಾ?” ಎಂದೆ.

“ಕೇಳಿಸ್ತು, ಪಾಪ,” ಎಂದಳು ಬ್ರೆಂಡಾ. ಅವಳಿಗೆ ನಿಜವಾಗಿಯೂ ಪಾಪ ಅನಿಸಿತ್ತು. “ಆದ್ರೆ ಕೇಳಿಸೋದು ಬೇರೆ, ಕಾಗದ ಬೇರೆ.”

ಎಲೋದಿಯಾ “ಯೆಸ್” ಎಂದಳು. ಚೀಲದ ಗಂಟು ಬಿಚ್ಚತೊಡಗಿದಳು. ಅದರೊಳಗೆ ಏನಿದೆ ಎಂದು ನನಗೆ ಗೊತ್ತು. ಆ ವಾರ ಮಳೆ ಬಿದ್ದು ಮೂರು ದಿನ ಕೆಲಸವಿರಲಿಲ್ಲ. ನಾನು ಅವಳ ಕೈಯನ್ನು ಚೀಲದ ಬಾಯಿಗೆ ಒತ್ತಿ ಹಿಡಿದೆ.

“ಬೇಡ ಕಣೆ. ಬಾ.”

“ಪಂಪಿಲ್ಲದೆ ಅವಳು ಶಾಲೆಗೆ ಹೆಂಗೆ ಹೋಗ್ತಾಳೆ ಕೊಮಾದ್ರೆ?”

ಆ ಪ್ರಶ್ನೆಯ ಹಿಂದೆ ಏನಿತ್ತು ಎಂದು ಹೇಳಬೇಕು. ಹೋದ ವರ್ಷ ಹ್ಯೂರಾನಿನಲ್ಲಿ, ಫಾರಂ ಬರುವ ಎರಡು ದಿನ ಮುಂಚೆ ಸುಲೇಮಾಗೆ ತರಗತಿಯಲ್ಲಿ ಉಬ್ಬಸ ಬಂತು. ಅವಳ ಪಂಪು ಆಫೀಸಿನ ಮೇಜಿನ ಮೇಲೇ ಇತ್ತು. ಎಲ್ಲರಿಗೂ ಕಾಣುತ್ತಿತ್ತು. ಯಾರೂ ಮುಟ್ಟಲಿಲ್ಲ. ಮುಟ್ಟಲು ಒಪ್ಪಿಗೆ ಇರಲಿಲ್ಲ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಆಮೇಲೆ ಶಾಲೆಯವರು ಎಲೋದಿಯಾಗೆ ಒಂದು ಚೀಟಿ ಕಳಿಸಿದರು. ಫಾರಂ ಬೇಗ ತಂದುಕೊಡಿ ಎಂದು.

ಠಸ್ಸೆಯಿಲ್ಲದ ಫಾರಮ್ಮನ್ನು ಕೌಂಟರಿನಿಂದ ವಾಪಸು ತೆಗೆದುಕೊಂಡು ನಾವು ಹೊರಗೆ ಬಂದೆವು.

*

ಯೂಮಾದಲ್ಲಿ ಚಳಿಗಾಲದ ಬೆಳಗ್ಗೆ ಎಲೆಯ ಮೇಲೆ ಮಂಜುಗಡ್ಡೆ ಕೂತಿರುತ್ತದೆ. ಆಗ ಮುಟ್ಟಿದರೆ ಎಲೆ ಕಪ್ಪಾಗುತ್ತದೆ. ಕೋಸಿಗೆ ನೋವಾಗಬಾರದು. ಆದ್ದರಿಂದ ಬಿಸಿಲು ಬಂದು ಕರಗಿಸುವ ತನಕ ನಾವು ಬಸ್ಸಿನೊಳಗೆ ಕೂರಬೇಕು. ನಾಲ್ಕಕ್ಕೆ ಎದ್ದು ಬಂದಿರುತ್ತೇವೆ. ಎಂಟು, ಒಂಬತ್ತು, ಕೆಲವು ದಿನ ಹತ್ತು. ಕರಗುವ ತನಕ ಕೂಲಿ ಇಲ್ಲ.

ಕರಗಿದ ಮೇಲೆ ಓಟ. ಎಲೋದಿಯಾ ಕೊಯ್ಯುವವಳು. ಸೊಂಟ ಮಡಿಸಿದರೆ ಮಡಿಸಿದ್ದೇ. ಬಲಗೈ ಚಾಕು ಬುಡಕ್ಕೆ, ಎಡಗೈ ಕೋಸಿನ ತಲೆಗೆ. ಕೊಯ್ದು, ಹೊರಗಿನ ಎಲೆ ಬಡಿದು, ಮೇಲಕ್ಕೆ. ನಿಮಿಷಕ್ಕೆ ಹತ್ತೋ ಹನ್ನೆರಡೋ. ಸಂಜೆ ಅವಳು ಒಂದೇ ಸಲ ನೆಟ್ಟಗೆ ನಿಲ್ಲಲಾರಳು. ಬಸ್ಸಿನ ಕಂಬಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ನಿಲ್ಲುತ್ತಾಳೆ. ನಾನು ಅವಳ ಹಿಂದೆ ಯಂತ್ರದ ಮೇಲೆ ನಿಂತು ಕಟ್ಟುವವಳು. ಇಪ್ಪತ್ತನಾಲ್ಕು ಕೋಸಿಗೆ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ತುಂಬಿದರೆ ಅದರ ಹಣೆಗೆ ಠಸ್ಸೆ. ಕಟ್ಟುವವಳಿಗೊಂದು ಠಸ್ಸೆ, ಅದು ಸೊಂಟದಲ್ಲೇ ತೂಗುತ್ತಿರುತ್ತದೆ. ನನ್ನದರಲ್ಲಿ ಎರಡು ಸಾಲು. ಮೇಲೆ ‘14-3’. ಗ್ಯಾಂಗು ಹದಿನಾಲ್ಕು, ಕಟ್ಟುವವಳು ಮೂರು. ಕೆಳಗೆ ‘ತಂಪಾಗಿ ಇಡಿ’.

ಠಸ್ಸೆಯಿಲ್ಲದ ಪೆಟ್ಟಿಗೆಯಲ್ಲಿ ಚಿನ್ನವಿದ್ದರೂ ಕಸ. ಠಸ್ಸೆ ಬಿದ್ದ ಪೆಟ್ಟಿಗೆ ಚಿಕಾಗೋದಲ್ಲಿ ಬಿಚ್ಚಿ, ಒಳಗೊಂದು ಕೊಳೆತ ಎಲೆ ಸಿಕ್ಕಿದರೂ ನಂಬರು ನೋಡಿ ನನ್ನ ಕೂಲಿಗೆ ಕೈ ಹಾಕುತ್ತಾರೆ. ನಮ್ಮಲ್ಲಿ ಠಸ್ಸೆ ಎಂದರೆ ಇಷ್ಟೇ: ಇದರೊಳಗೆ ಏನಿದೆಯೋ ಅದಕ್ಕೆ ನಾನು ಹೊಣೆ.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಎಲೋದಿಯಾ ಫಾರಂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊರಗೆ ಹೊಲ ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿನ ಸೀಟಿನಿಂದ ದೋನ್ಯಾ ಚೆಂಚಾ ಕುತ್ತಿಗೆ ಚಾಚಿದಳು. ಗ್ಯಾಂಗಿಗೇ ಹಿರಿಯಳು, ಅದಕ್ಕೇ ಎಲ್ಲರ ಬಾಯಲ್ಲೂ ‘ದೋನ್ಯಾ’, ಅರವತ್ತು ದಾಟಿದವಳು. ಓದು ಬಾರದು. ಓದು ಬರುವವರಿಗೆಲ್ಲ ಅಪ್ಪಣೆ ಕೊಡುತ್ತಾಳೆ.

“ಏನೇ ಅದು, ಸತ್ತೋರ ಪಟ ಇಟ್ಕೊಂಡಂಗೆ ಇಟ್ಕೊಂಡು ಕೂತಿದೀಯ? ಕಾಂದೆ, ಓದೇ ಅದನ್ನ.”

ಓದಿದೆ. ಸ್ಪ್ಯಾನಿಷಿನಲ್ಲೂ ಇತ್ತು. ಮಗುವಿನ ಹೆಸರು ಇದೆ. ಕಾಯಿಲೆ ಇದೆ. ಎಷ್ಟು ಸಲ ಪಂಪು ಒತ್ತಬೇಕು ಎಂಬುದಿದೆ. ಡಾಕ್ಟರ ಅಕ್ಷರ ಇದೆ. ಕೊನೆಗೆ ಒಂದು ಚೌಕ. ‘ಠಸ್ಸೆ ಮತ್ತು ನಂಬರು.’

“ಎಲ್ಲಾ ತುಂಬೈತೆ, ಠಸ್ಸೆ ಒಂದಿಲ್ಲ?”

“ಅಷ್ಟೇ.”

“ಮತ್ತೆ ಹಾಕೇ! ಪೆಟ್ಟಿಗೆ ತುಂಬಿದ ಮೇಲೆ ಠಸ್ಸೆ ಹಾಕೋಕೆ ಏನ್ ರೋಗ ನಿಂಗೆ?”

“ಅದು ಡಾಕ್ಟರು ಹಾಕೋ ಜಾಗ, ದೋನ್ಯಾ.”

“ಡಾಕ್ಟರು ಅಂತ ಬರ್ದೈತಾ ಆ ಚೌಕದಲ್ಲಿ?”

“ಇಲ್ಲ. ಠಸ್ಸೆ ಅಂತ ಬರೆದಿದೆ.”

“ಯಾರು ಹೊಣೆನೋ ಅವರ ಠಸ್ಸೆ. ನಾನು ನಲವತ್ತು ವರ್ಷದಿಂದ ನೋಡ್ತಾ ಇದೀನಿ. ಹೊಣೆ ಯಾರು, ಆ ಡಾಕ್ಟರಾ? ಕೂಸಿಗೆ ಉಸಿರು ಕಟ್ಟಿದ್ರೆ ಎದ್ದು ಬರ್ತಾನಾ?”

“ಬರ್ತಾರೆ ದೋನ್ಯಾ,” ಮುಂದಿನಿಂದ ಯಾರೋ ಕೂಗಿದರು. “ಹಾಳೆಗೆ ಮೂವತ್ತು!”

“ಹಿಂದಿನ ಖಾಲಿ ಹಾಳೆ ಮರೀಬೇಡ್ರೇ!”

ಬಸ್ಸು ನಕ್ಕಿತು. ಚೆಂಚಾ ನಗಲಿಲ್ಲ.

“ಪಾದ್ರಿ ಮುಂದೆ ಹೊಣೆ ಹೊತ್ತವಳು ನೀನು. ಕಂಡೋರ ಕೋಸಿಗೆ ದಿನಾ ಮುನ್ನೂರು ಸಲ ಹೊಣೆ ಹೊರ್ತೀಯ. ನಿನ್ನ ಕೂಸಿಗೆ ಒಂದು ಸಲ ಹೊರೋಕೆ ಕೈ ನಡುಗುತ್ತೇನೇ?”

ಮೋಸ ಮಾಡುತ್ತಿದ್ದೇನೆ ಎಂದು ನನಗೆ ಆಗ ಅನಿಸಲಿಲ್ಲ. ಈಗಲೂ ಅನಿಸುವುದಿಲ್ಲ. ಸೊಂಟದಿಂದ ಠಸ್ಸೆ ಬಿಚ್ಚಿದೆ. ಚಳಿಗೆ ಶಾಯಿ ಗಟ್ಟಿಯಾಗಿತ್ತು, ಬಾಯಿಯಿಂದ ಹಬೆ ಊದಿದೆ. ಎಲೋದಿಯಾ ಫಾರಮ್ಮಿನ ಎರಡು ತುದಿ ಹಿಡಿದಳು. ಒತ್ತಿದೆ.

“ನಡೆಯುತ್ತಾ ಕೊಮಾದ್ರೆ ಇದು?” ಎಂದಳು.

“ಚಿಕಾಗೋ ತನಕ ನಡೆಯುತ್ತೆ. ಶಾಲೆ ತನಕ ನಡೆಯಲ್ವಾ?”

*

ಶಾಲೆಯ ಆಫೀಸಿನಲ್ಲಿ ಲೂರ್ದೆಸ್ ಎಂಬ ಹುಡುಗಿ ಕೂರುತ್ತಾಳೆ. ಅವಳ ಅಪ್ಪನೂ ಕೋಸು ಕೊಯ್ದವನೇ. ಅವಳು ಉಗುರಿಗೆ ಬಣ್ಣ ಹಚ್ಚುವ ತನಕ ಬಂದಿದ್ದಾಳೆ. ಫಾರಂ ತೆಗೆದುಕೊಂಡಳು. ಹೆಸರು ನೋಡಲಿಲ್ಲ, ಕಾಯಿಲೆ ನೋಡಲಿಲ್ಲ. ಬೆರಳು ನೇರ ಕೊನೆಯ ಚೌಕಕ್ಕೆ ಹೋಯಿತು.

“ಠಸ್ಸೆ ಇದೆ. ನಂಬರಿದೆ. ಸರಿ.” ಕಂಪ್ಯೂಟರಿಗೆ 14-3 ಎಂದು ಹೊಡೆದಳು. ಮತ್ತೆ ನೋಡಿದಳು. “ಪಂಪನ್ನ ತಂಪಾಗಿ ಇಡಬೇಕಾ, ಸೆನ್ಯೋರಾ?”

“ಯೆಸ್,” ಎಂದಳು ಎಲೋದಿಯಾ.

ಈ ದೇಶದಲ್ಲಿ ಫಾರಂ ಹೇಳಿದರೆ ಮುಗಿಯಿತು. ಆ ಶಾಲೆಯಲ್ಲಿ ಮಕ್ಕಳ ಔಷಧಿಯನ್ನೆಲ್ಲ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೀಗದ ಕೈ ನರ್ಸಿನ ಬಳಿ. ನರ್ಸು ಮಂಗಳವಾರ, ಗುರುವಾರ ಬರುತ್ತಾಳೆ. ಉಳಿದ ದಿನ ಬೇರೆ ಶಾಲೆ. ಬೀಗದ ಕೈಯೂ ಅವಳ ಜೊತೆ ಊರೂರು ತಿರುಗುತ್ತದೆ. ಬೀರುವಿನಲ್ಲಿ ತಂಪಿಲ್ಲ. ಹಾಗಾಗಿ ಸುಲೇಮಾಳ ಪಂಪು ಆಫೀಸಿನ ಫ್ರಿಜ್ಜಿಗೆ ಹೋಯಿತು. ಮೇಷ್ಟ್ರುಗಳ ಮಧ್ಯಾಹ್ನದ ಊಟದ ಪಕ್ಕ. ಫ್ರಿಜ್ಜಿಗೆ ಬೀಗವಿಲ್ಲ.

ಸುದ್ದಿ ಬಸ್ಸಿನಲ್ಲಿ ನಿಲ್ಲುತ್ತದೆಯೇ? ಮಾರನೇ ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ನನ್ನ ಸೀಟಿನ ಮುಂದೆ ಸಾಲು. ಒಬ್ಬಳ ಮಗನಿಗೆ ಜೇನುಹುಳ ಕಚ್ಚಿದರೆ ಊದುತ್ತದೆ. ಇನ್ನೊಬ್ಬಳ ಮಗಳಿಗೆ ಮೂರ್ಛೆ. ಮತ್ತೊಬ್ಬಳ ಹುಡುಗನಿಗೆ ಓದಲು ಕನ್ನಡಕ ಬೇಕು, ಅದಕ್ಕೂ ಫಾರಂ. ಎಲ್ಲವನ್ನೂ ಡಾಕ್ಟರು ಬರೆದಿದ್ದರು. ಎಲ್ಲದರಲ್ಲೂ ಚೌಕ ಖಾಲಿ. ಡಾಕ್ಟರ ಅಕ್ಷರ ಇಲ್ಲದ ಫಾರಮ್ಮಿಗೆ ನಾನು ಠಸ್ಸೆ ಹಾಕಲಿಲ್ಲ. ಅರ್ಧ ತುಂಬಿದ ಪೆಟ್ಟಿಗೆಗೆ ಠಸ್ಸೆ ಹಾಕಿ ನನಗೆ ಅಭ್ಯಾಸವಿಲ್ಲ. ಒಟ್ಟು ಹನ್ನೊಂದು ಹಾಕಿದೆ.

ಹನ್ನೊಂದೂ ತಂಪಾಗಿ ಇಡಿ.

ಫ್ರಿಜ್ಜಿನಲ್ಲಿ ಜಾಗ ಸಾಲದಾಯಿತು. ಹೆಡ್‌ಮಾಸ್ತರರ ಮೊಸರಿನ ಡಬ್ಬಿ ಕಿಟಕಿಗೆ ಬಂತು. ಆ ಕನ್ನಡಕದ ಹುಡುಗ ದಿನಾ ಬೆಳಗ್ಗೆ ಫ್ರಿಜ್ಜು ತೆಗೆದು ಕನ್ನಡಕ ಹಾಕಿಕೊಳ್ಳುತ್ತಿದ್ದ. ಹೊರಗಿನ ಬೆಚ್ಚಗಿನ ಗಾಳಿಗೆ ಗಾಜಿನ ಮೇಲೆ ಹಬೆ ಕಟ್ಟಿ ಮೊದಲ ಪಾಠ ಪೂರಾ ಕುರುಡನಂತೆ ಕೂರುತ್ತಿದ್ದ. ಸಂಜೆ ಬಿಚ್ಚಿ ಮತ್ತೆ ಫ್ರಿಜ್ಜಿಗೆ. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಲೂರ್ದೆಸ್ ಒಮ್ಮೆ ನನಗೇ ಹೇಳಿದಳು:

“ಈ 14-3 ಡಾಕ್ಟರು ಬಹಳ ಹುಷಾರು. ತಂಪು ಅಂದ್ರೆ ತಂಪೇ. ಬೇರೆ ಡಾಕ್ಟರುಗಳು ಇಷ್ಟು ಗಮನ ಕೊಡಲ್ಲ.”

“ಅವರು ದಿನಾ ಮುನ್ನೂರು ಕೇಸು ನೋಡ್ತಾರೆ,” ಎಂದೆ. ಸುಳ್ಳಲ್ಲ.

*

ಜನವರಿಯ ಒಂದು ಬುಧವಾರ. ಮರುಭೂಮಿಯ ಕಡೆಯಿಂದ ಗಾಳಿ ಎದ್ದಿತ್ತು. ಶಾಲೆಯ ಬೇಲಿಯಾಚೆಯ ಹೊಲಕ್ಕೆ ಬೆಳಗ್ಗೆ ಔಷಧಿ ಹೊಡೆದಿದ್ದರು. ಮಧ್ಯಾಹ್ನ ಆಟದ ಬಯಲಿನಲ್ಲಿ ಸುಲೇಮಾ ಕುಸಿದು ಕೂತಳು.

ಮೇಸ್ತ್ರಿ ಫೋನು ಹಿಡಿದು ಸಾಲಿನ ನಡುವೆ ಓಡಿಬಂದ. ಎಲೋದಿಯಾ ಚಾಕು ಹಿಡಿದುಕೊಂಡೇ ಓಡಿದಳು. ಕಾರಿನಲ್ಲಿ ಅವಳ ಬೆರಳು ಬಿಡಿಸಿ ಚಾಕು ತೆಗೆದೆ. ಅವಳ ತುಟಿ ಅಲ್ಲಾಡುತ್ತಿತ್ತು. ಅವಳ ಕಣ್ಣಿನಲ್ಲಿ ಹ್ಯೂರಾನಿನ ನೀಲಿ ಇತ್ತು.

ನಾವು ಹೋದಾಗ ಸುಲೇಮಾ ಲೂರ್ದೆಸಳ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಲೂರ್ದೆಸ್ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಕಾಲಲ್ಲಿ ಒಂದೇ ಚಪ್ಪಲಿ.

“ಬೀರುಗೆ ಬೀಗ,” ಎಂದಳು. “ನರ್ಸ್ ಇಪ್ಪತ್ತು ಮೈಲಿ ಆಚೆ. ನಾನು ಫ್ರಿಜ್ಜಿಗೆ ಓಡಿದೆ. ಪಂಪು ಮಂಜಿನ ಥರ ತಣ್ಣಗಿತ್ತು, ಒತ್ತಿದ್ರೆ ಸರಿಯಾಗಿ ಬರಲೇ ಇಲ್ಲ. ಅಂಗೈಲಿ ಉಜ್ಜಿದೆ. ನಮ್ಮಜ್ಜಿ ತೊರ್ತಿಯಾ ರೊಟ್ಟಿಗೆ ಹಿಟ್ಟು ಉಂಡೆ ಮಾಡ್ತಿದ್ದಳಲ್ಲ, ಹಂಗೆ. ಆಮೇಲೆ ಬಂತು.” ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. “ಬೀರುವಲ್ಲಿ ಇದ್ದಿದ್ರೆ, ಸೆನ್ಯೋರಾ...”

ಆಸ್ಪತ್ರೆಯ ಅರವತ್ತು ಡಾಲರಿನ ಠಸ್ಸೆ ಬಿದ್ದಿದ್ದರೆ ಪಂಪು ಬೀರುವಿನಲ್ಲಿರುತ್ತಿತ್ತು. ಕೋಸಿನ ಪೆಟ್ಟಿಗೆಯ ಠಸ್ಸೆ ಬಿದ್ದದ್ದರಿಂದ ಫ್ರಿಜ್ಜಿನಲ್ಲಿತ್ತು. ಹುಡುಗಿ ಬಿಸ್ಕತ್ತು ತಿನ್ನುತ್ತಿದ್ದಳು.

*

ನಾವು ಸಿಕ್ಕಿಬಿದ್ದದ್ದು ಸನ್ಮಾನದಿಂದ.

ಶಾಲೆಗಳ ಮೇಲಿನ ಕಚೇರಿಯವರು ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ಕಾಪಾಡಿದ ಡಾಕ್ಟರಿಗೆ ಕೃತಜ್ಞತಾ ಪತ್ರ ಕೊಡುತ್ತಾರೆ. ಆ ವರ್ಷ ಆ ಶಾಲೆಯಲ್ಲಿ ಅತಿ ಹೆಚ್ಚು ಫಾರಂ ಪೂರೈಸಿದ ಡಾಕ್ಟರು 14-3. ಪತ್ರ ಅಚ್ಚಾಗಿತ್ತು. ಚಿನ್ನದ ಬಣ್ಣದ ಅಂಚು. ಹೆಸರು ಬರೆಯಲು ಜಾಗ ಬಿಟ್ಟಿದ್ದರು. ಹಾಲ್ವರ್ಸನ್ ಎಂಬ ಅಧಿಕಾರಿ ಹೆಸರು ಹುಡುಕಿಕೊಂಡು ಬಂದ. ಊರಿನ ಡಾಕ್ಟರುಗಳ ಪಟ್ಟಿಯಲ್ಲಿ ಇಲ್ಲ. ರಾಜ್ಯದ ಪಟ್ಟಿಯಲ್ಲಿ ಇಲ್ಲ. ಕೊನೆಗೆ ಅಂಗಡಿಯೊಂದರಲ್ಲಿ ಕೋಸು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಕ್ಕಿತು.

ಬುಧವಾರ ಪಂಪು ಬಳಕೆಯಾಗಿದ್ದರಿಂದ ಮೊದಲು ನಮ್ಮನ್ನೇ, ಅದೇ ವಾರದ ಶುಕ್ರವಾರ, ಕರೆಸಿದರು. ಉದ್ದ ಮೇಜು. ಆ ಕಡೆ ಹಾಲ್ವರ್ಸನ್, ಮುಂದೆ ಆ ಚಿನ್ನದ ಅಂಚಿನ ಪತ್ರ. ಈ ಕಡೆ ನಾನು, ಎಲೋದಿಯಾ, ನಡುವೆ ಸುಲೇಮಾ. ಹೊಲದಿಂದ ನೇರ ಬಂದಿದ್ದೆವು. ಬೂಟಿನ ಕೆಸರು ಒಣಗಿ ಜಮಖಾನೆಯ ಮೇಲೆ ಉದುರುತ್ತಿತ್ತು. ಎಲೋದಿಯಾ ಪೂರ್ತಿ ನೆಟ್ಟಗಾಗಿರಲಿಲ್ಲ. ಮುಖಕ್ಕೆ ಕಟ್ಟುವ ಬಟ್ಟೆ ಇನ್ನೂ ಕೊರಳಲ್ಲೇ ಇತ್ತು. ಮೇಜಿನ ತುದಿಯಲ್ಲಿ ಲೂರ್ದೆಸ್, ಭಾಷಾಂತರಕ್ಕೆ.

“ಈ ಫಾರಂ ಅಸಿಂಧು,” ಎಂದ ಹಾಲ್ವರ್ಸನ್. ಒರಟನಲ್ಲ. ಮೆಲ್ಲಗೆ ಮಾತಾಡುವ ಮನುಷ್ಯ. “ಇದರ ಮೇಲೆ ತರಕಾರಿಯ ಠಸ್ಸೆ ಇದೆ.”

“ತರಕಾರಿಯದಲ್ಲ ಸ್ವಾಮಿ, ನನ್ನದು,” ಎಂದೆ. “ಬರೆದಿದ್ದೆಲ್ಲ ಡಾಕ್ಟರದೇ.”

ಅವನು ಆಸ್ಪತ್ರೆಗೆ ಫೋನು ಮಾಡಿ ಮೇಜಿನ ಮೇಲಿಟ್ಟ. ಎಲ್ಲರಿಗೂ ಕೇಳುವ ಹಾಗೆ. ಬ್ರೆಂಡಾಳ ಧ್ವನಿ ಬಂತು. ಹೌದು, ಬರೆದದ್ದು ನಮ್ಮ ಡಾಕ್ಟರೇ. ಹೌದು, ಮಗುವಿಗೆ ಉಬ್ಬಸವಿದೆ. ಆದರೆ ಈ ಫಾರಂ ಬೇರೆ ಠಸ್ಸೆ ಬಿದ್ದು ಕೆಟ್ಟಿದೆ, ಹೊಸದು ಬೇಕು. ಅದು ಎರಡು ಹಾಳೆ. ಬುಧವಾರ ಪಂಪು ಕೊಟ್ಟಿದ್ದಾರಲ್ಲ, ಅದಕ್ಕೆ ಹಿಂದಿನ ತಾರೀಖಿನ ಒಪ್ಪಿಗೆ ಬೇಕು. ಅದು ಮೂರು ಹಾಳೆ.

“ಮೂರರಲ್ಲಿ ಖಾಲಿ ಎಷ್ಟು?” ಎಂದು ಕೇಳಿದೆ.

ಫೋನಿನಲ್ಲಿ ಕಾಗದ ಮಗುಚುವ ಸದ್ದು. “ಎರಡು.”

ಲೂರ್ದೆಸ್ ಅದನ್ನು ಭಾಷಾಂತರ ಮಾಡಲು ಹೋಗಿ ಮೂಗಿನಲ್ಲಿ ಒಂದು ಶಬ್ದ ಮಾಡಿದಳು. ಹಾಲ್ವರ್ಸನ್ ಅವಳನ್ನು ನೋಡಿದ.

“ಅದೆಲ್ಲ ಬರುವ ತನಕ,” ಎಂದ ಅವನು, “ಮೊದಲನೆಯದಾಗಿ, ಬುಧವಾರ ಮಗುವಿಗೆ ಒಪ್ಪಿಗೆಯಿಲ್ಲದೆ ಔಷಧಿ ಕೊಡಲಾಯಿತು, ಅದು ತಪ್ಪು ಅಂತ ತಾಯಿ ಇಲ್ಲಿ ಸಹಿ ಹಾಕಬೇಕು.”

ಎಲೋದಿಯಾ ಮೊದಲ ಸಲ ಬಾಯಿ ಬಿಟ್ಟಳು. ಲೂರ್ದೆಸ್‌ಗೆ ಅರ್ಥವಾಗುವಷ್ಟು ಸ್ಪ್ಯಾನಿಷಿನಲ್ಲಿ, ಒಂದೊಂದೇ ಮಾತು ಆರಿಸಿ.

“ಅವತ್ತು ಏನು ಮಾಡಿದ್ರೆ ಸರಿ ಇತ್ತು ಅಂತ ಕೇಳಮ್ಮ.”

ಲೂರ್ದೆಸ್ ಕೇಳಿದಳು. “ಕಾಯಬೇಕಿತ್ತು,” ಎಂದ ಹಾಲ್ವರ್ಸನ್.

“ಯಾತಕ್ಕೆ?”

“ಒಪ್ಪಿಗೆಗೆ.”

“ಎಷ್ಟು ಹೊತ್ತು?”

ಅವನು ತನ್ನ ಮುಂದಿದ್ದ ಪುಸ್ತಕ ತಿರುವಿದ. ಪ್ರಾಮಾಣಿಕವಾಗಿಯೇ ಹುಡುಕಿದ. “ಎಷ್ಟು ಹೊತ್ತು ಅಂತ ನಿಯಮದಲ್ಲಿ ಇಲ್ಲ.”

“ಉಸಿರು ಎಷ್ಟು ಹೊತ್ತು ಕಾಯುತ್ತೆ ಅಂತ ಇದೆಯಾ?”

ಲೂರ್ದೆಸ್ ಇದನ್ನು ಇಂಗ್ಲಿಷಿಗೆ ತರಲು ಸ್ವಲ್ಪ ಸಮಯ ತೆಗೆದುಕೊಂಡಳು. ಹಾಲ್ವರ್ಸನ್ ಪುಸ್ತಕ ಮುಚ್ಚಿದ.

“ನನಗೂ ಮಕ್ಕಳಿದ್ದಾರೆ. ನಾನು ಸಹಾಯ ಮಾಡೋಕೆ ನೋಡ್ತಿದ್ದೀನಿ. ಸಹಿ ಹಾಕಲಿ. ಪಂಪು ಈ ಚೀಲಕ್ಕೆ ಹಾಕಿ ಕೊಡಲಿ, ಬೀರುವಲ್ಲಿ ಇರುತ್ತೆ. ಫಾರಂ ಬಂದ ಮೇಲೆ ನರ್ಸ್ ಅದನ್ನ ಬಳಸಬಹುದು. ಇಷ್ಟು ಮಾಡಿದ್ರೆ ಪೊಲೀಸರಿಗೆ ತಿಳಿಸಲ್ಲ.”

ಪೊಲೀಸ್ ಎಂಬ ಮಾತಿಗೆ ಭಾಷಾಂತರ ಬೇಕಾಗಲಿಲ್ಲ. ನಮ್ಮಂಥವರಿಗೆ ಆ ಮಾತಿನ ಆಚೆ ಗಡಿ ಇದೆ, ಬಸ್ಸಿದೆ, ವಾಪಸು ಗುಡ್ಡವಿದೆ. ಠಸ್ಸೆ ಒತ್ತಿದವಳು ನಾನು. ಹೊಣೆ ನನ್ನದು.

“ಒತ್ತಿದ್ದು ನಾನು,” ಎಂದೆ. “ಅವಳನ್ನ ಬಿಡಿ. ನನ್ನ ಹೆಸರು ಬರ್ಕೊಳ್ಳಿ.”

ಎಲೋದಿಯಾ ಮೇಜಿನ ಕೆಳಗೆ ನನ್ನ ಮೊಣಕಾಲು ಹಿಡಿದು ಒತ್ತಿದಳು. ಕೋಸಿನ ತಲೆ ಹಿಡಿಯುವ ಹಾಗೆ. ಸುಮ್ಮನಿರು ಎಂದು.

ಹಾಲ್ವರ್ಸನ್ ಮೇಜಿನ ಮೇಲೆ ಪೆನ್ನು ಇಟ್ಟ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಸುಲೇಮಾಳ ಪಂಪು ಅವಳ ಮುಷ್ಟಿಯಲ್ಲಿತ್ತು. ಬುಧವಾರದಿಂದ ಅವಳು ಅದನ್ನು ಬಿಟ್ಟಿರಲಿಲ್ಲ, ನಿದ್ದೆಯಲ್ಲೂ. ಅವಳು ಅಮ್ಮನ ಮುಖ ನೋಡಿದಳು. ಎಂಟು ವರ್ಷದ ಮಗು. ಇಂಗ್ಲಿಷು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಅವಳಿಗೆ ಎಲ್ಲ ಅರ್ಥವಾಗಿತ್ತು. ಉಸಿರಿನ ಹಿಂದೆ ಸಿಳ್ಳೆ ಶುರುವಾಗಿತ್ತು.

“ತಗೊಂಡು ಚೀಲಕ್ಕೆ ಹಾಕೋಕೆ ಹೇಳು,” ಎಂದ ಲೂರ್ದೆಸ್‌ಗೆ.

ಲೂರ್ದೆಸ್ ಹೇಳಿದಳು. ತಲೆ ತಗ್ಗಿಸಿ.

ಎಲೋದಿಯಾ ಕೈ ಚಾಚಿದಳು. ಸುಲೇಮಾ ಮುಷ್ಟಿ ಬಿಚ್ಚಿದಳು. ಪಂಪು ತಾಯಿಯ ಕೈಗೆ ಬಂತು. ಹಾಲ್ವರ್ಸನ್ ಚೀಲದ ಬಾಯಿ ಅಗಲಿಸಿ ಹಿಡಿದ. ಎಲೋದಿಯಾ ಕೊರಳಿನ ಬಟ್ಟೆ ಬಿಚ್ಚಿದಳು. ಹೊಲದ ಧೂಳು ಉದುರುವ ಹಾಗೆ ಎರಡು ಸಲ ಕೊಡವಿದಳು. ಪಂಪನ್ನು ಅದರ ನಡುವೆ ಇಟ್ಟು ಸುತ್ತಿದಳು. ಬಟ್ಟೆಯ ಎರಡು ತುದಿಯನ್ನು ಮಗಳ ಕೊರಳಿನ ಹಿಂದೆ ತಂದು ಗಂಟು ಹಾಕಿದಳು.

“ಇಲ್ಲ, ಇಲ್ಲ,” ಎಂದ ಹಾಲ್ವರ್ಸನ್. “ಚೀಲಕ್ಕೆ. ಅವಳಿಗೆ ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳು.”

“ಅರ್ಥ ಆಗಿದೆ ಸರ್,” ಎಂದಳು ಲೂರ್ದೆಸ್.

“ಸರಿ, ಸಹಿ ಆಮೇಲೆ ನೋಡೋಣ. ಪಂಪು ಕೊಡ್ತೀನಿ ಅಂತ ಒಪ್ಪಿಕೊಳ್ಳಲಿ ಸಾಕು. ಒಂದು ಯೆಸ್ ಅಂದ್ರೆ ಸಾಕು ಅಂತ ಹೇಳು.”

ಲೂರ್ದೆಸ್ ಎಲೋದಿಯಾಳ ಕಡೆ ತಿರುಗಿದಳು. “ಒಂದು ಯೆಸ್ ಅಂದ್ರೆ ಸಾಕಂತೆ, ಸೆನ್ಯೋರಾ.”

ಎಲೋದಿಯಾ ಎರಡನೇ ಗಂಟು ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ.

“ಅನ್ನಲ್ಲ ಅಂತ ಹೇಳಮ್ಮ.”